ಒಂದು ಮೀಟರು ಎಂಬತ್ತು

ಹಾಸನಾಂಬೆಯ ಬಾಗಿಲಿನ ಹಾಗೆ ವರ್ಷಕ್ಕೊಮ್ಮೆ,
ಪ್ರಾಕ್ಟಿಕಲ್ ಪರೀಕ್ಷೆಗೆ ಮಾತ್ರ ತೆರೆಯುತ್ತಿದ್ದ ಲ್ಯಾಬು.
ಒಳಗೆ ಆರು ಮೀಟರಿನ ಗಾಜಿನ ಕಾಲುವೆ.
ಪಂಪಿನ ಗುಂಡಿ ಒತ್ತುವವನು ನಾನು, ಪುಟ್ಟಮಾದಯ್ಯ,
ಅಟೆಂಡರ್, ಇಪ್ಪತ್ತಾರು ವರ್ಷ.

ಆಕೆ ಬಂದದ್ದು ಬಿತ್ತನೆ ಆಲೂಗಡ್ಡೆಯ ತಿಂಗಳಲ್ಲಿ.
ಮಂಡಿಯ ಲಾರಿಗಳು ಅಡ್ಡ ನಿಂತು ಬಸ್ಸು ತಡವಾಗಿತ್ತು.
ಹೆಸರು ಜ್ವಾಲಿನಿ, ಕೆಲಸ ನೀರಿನದು.
ನಾನು ನಕ್ಕದ್ದು ಕಂಡು ಅವರೂ ನಕ್ಕರು.
ಬೆಳಗೊಳದ ಕಡೆಯವರು, ಬಾಟಲಿಯ ಬಾಯಿಗೆ ಇನ್ನೂ ಬಿಳಿ ಬಟ್ಟೆ.
"ಅಜ್ಜಿ ಸೋಸಿಯೇ ಕುಡಿಯುತ್ತಿದ್ದರು. ಬಟ್ಟೆಯಲ್ಲಿ ಉಳಿದದ್ದನ್ನು
ಅದೇ ಬಾವಿಗೆ ಬಿಟ್ಟು ಬರುವುದು ನನ್ನ ಪಾಲಿನ ಕೆಲಸ."

ಕ್ಯಾಮೆರಾ ಕಟ್ಟಿದರು, ನೀರೊಳಗೆ ಹಸಿರು ಲೇಸರಿನ ಹಾಳೆ ಹಾಸಿದರು.
ತೇಲಿಬಿಡುವ ಗಾಜಿನ ಪುಡಿಯ ಬೆಲೆ ಕೇಳಿ
ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡರು.
ನಾನು ರಾಗಿ ಹೊಟ್ಟು ತಂದೆ, ಮೂರು ಸಲ ಜರಡಿ ಹಿಡಿದು.
ಸಾಗಿತು. ಪರದೆಯ ಮೇಲೆ ಒಂದೊಂದು ಹೊಟ್ಟಿಗೂ ಒಂದು ಬಾಣ.
(ವಾರದ ಮೇಲೆ ತೊಟ್ಟಿಯ ಮೂಲೆಯಲ್ಲಿ ಎರಡು ಪೈರು ತಲೆಯೆತ್ತಿದವು.
ಅದನ್ನು ಯಾರೂ ಬರೆದುಕೊಳ್ಳಲಿಲ್ಲ.)

ಯಂತ್ರಕ್ಕೆ ನೀರು ಕಲಿಸುವುದು ಅಂದರೇನು ಎಂದು ಕೇಳಿದೆ.
ತೋರಿಸಿದರು. ಮೊದಲ ವಾರ ಅದು ಗೋಡೆಯ ಆಚೆಗೂ ನೀರು ಹರಿಸಿತು,
ಎಲ್ಲೋ ಎರಡು ಕೊಡ ಹುಟ್ಟಿಸಿತು, ಎಲ್ಲೋ ನಾಲ್ಕು ಕೊಡ ನುಂಗಿತು,
ಪಂಚಾಯ್ತಿ ಟ್ಯಾಂಕರಿನ ಲೆಕ್ಕದ ಹಾಗೆ.
"ಬಂದಷ್ಟೇ ಹೋಗಬೇಕು" ಎಂದರು ಮೇಡಂ,
"ಈ ಮಾತು ಮೀರಿದಾಗಲೆಲ್ಲ ದಂಡ."
ದಂಡ ಕಟ್ಟಿ ಕಟ್ಟಿ ಬುದ್ಧಿ ಕಲಿಯಿತು.
ಕರೆಂಟು ಹೋದಾಗ ಮರೆಯಿತು, ಮತ್ತೆ ಕಲಿಯಿತು.
ನಮ್ಮ ಮೂರನೇ ಸೆಮಿಸ್ಟರಿನ ಹುಡುಗರಿಗಿಂತ ಹಟಮಾರಿ.

ಎಲ್ಲ ನೆಟ್ಟಗಾದ ಮೇಲೆ ಒಂದು ಕೆಂಪು ಚುಕ್ಕೆ ಉಳಿಯಿತು.
ತೂಬಿನಿಂದ ಒಂದು ಮೀಟರು ಎಂಬತ್ತು.
ಯಂತ್ರ ಹೇಳಿದ ನೀರಿಗೂ ಹರಿದ ನೀರಿಗೂ ಅಲ್ಲಿ ಮಾತ್ರ ಜಗಳ.
ಕ್ಯಾಮೆರಾ ಒರೆಸಿದರು. ಲೇಸರು ಸರಿಸಿದರು.
ಕೊನೆಗೆ ಗದ್ದಲ ಎಂದು ಹೆಸರಿಟ್ಟು ಸೋಸಿ ತೆಗೆದರು.
ಆ ಸಂಜೆಯೇ ಹೇಳಬಹುದಿತ್ತು. ಸೈಕಲ್ ಹತ್ತಿದೆ.

ಹನ್ನೆರಡು ವರ್ಷದ ಕೆಳಗೆ ಒಬ್ಬ ಹುಡುಗ
ಐದು ಕಿಲೋ ಕಬ್ಬಿಣದ ಬಟ್ಟು ಕೈಜಾರಿಸಿದ. ತಳ ಬಿರಿಯಿತು.
ಅವನ ಮುಖ ನೋಡಿ, ವರದಿ ಬರೆಯದೆ,
ರಾತ್ರಿ ಎಂಸೀಲ್ ಮೆತ್ತಿ ಬಣ್ಣ ಬಳಿದೆ.
ಹನ್ನೆರಡು ಬ್ಯಾಚು ಅದರ ಮೇಲೆ ನೀರು ಹರಿಸಿ ರೆಕಾರ್ಡು ಬರೆದವು.
ಎಲ್ಲರ ಉತ್ತರವೂ ಸರಿ ಬಂತು, ಪಕ್ಕದವನದು ನೋಡಿ.
ಸಾಹೇಬರು ಸಹಿ ಹಾಕಿದರು.
ಈಗ, ಕಣ್ಣೇ ಇಲ್ಲದ ಒಂದು ಲೆಕ್ಕಕ್ಕೆ
ಅದು ಹಲ್ಲಿನ ಸಂದಿಯ ಎಳ್ಳಿನಂತೆ ಒತ್ತುತ್ತಿದೆ.

ಮರುದಿನ ಚುಕ್ಕೆ ಪರದೆಯ ಮೇಲೆ ವಾಪಸು ಇತ್ತು.
"ಬಟ್ಟೆಯಲ್ಲಿ ಉಳಿದದ್ದು. ಬಾವಿಗೇ ಬಿಟ್ಟೆ" ಎಂದರು,
ನಿದ್ದೆಗೆಟ್ಟ ಕಣ್ಣು.
ಪಂಪು ನಿಲ್ಲಿಸಿದೆ. ತೋಳು ಮಡಚಿದೆ.
"ಇಲ್ಲಿ ಬೆರಳಿಡಿ ಮೇಡಂ."

ಬೈಗುಳಕ್ಕೆ ಕಾದೆ. ಅವರು ವರ್ನಿಯರ್ ಕೇಳಿದರು.
ಎರಡೂ ಮುಕ್ಕಾಲು ಮಿಲಿಮೀಟರು,
ಅಂಚಿನಲ್ಲಿ ನನ್ನ ಹೆಬ್ಬೆರಳು ಒತ್ತಿದ ತಗ್ಗು.
ಆ ಉಬ್ಬನ್ನೂ ಯಂತ್ರಕ್ಕೆ ಹೇಳಿಕೊಟ್ಟರು. ಊಟದ ಹೊತ್ತಿಗೆ
ಕೆಂಪು ಆರಿ, ಅದೇ ಜಾಗದಲ್ಲಿ ಒಂದು ಸುಳಿ,
ಮಗುವಿನ ನೆತ್ತಿಯ ಮೇಲಿರುವಷ್ಟು,
ತಿರುಗುತ್ತ ಕೂತಿತು.

"ಪುಟ್ಟಮಾದಯ್ಯನವರೇ, ಇನ್ನೆಲ್ಲಾದರೂ ಮೆತ್ತಿದ್ದೀರಾ?"
ನಾಲ್ಕನೇ ಮೀಟರಿನ ಕೀಲು ನೆನಪಾಯಿತು.
ಕ್ಯಾಮೆರಾ ಇನ್ನೂ ಅಲ್ಲಿಗೆ ಹೋಗಿರಲಿಲ್ಲ.
ಗುಂಡಿ ಒತ್ತಿ ನೀರು ಬಿಟ್ಟೆ.
"ಅದೇ ಹೇಳಲಿ ಬಿಡಿ" ಎಂದೆ.